ಙ ಸಾಲಿನ ಕುರ್ಚಿಗಳು

ಮಾರ್ಚ್ 3, ಸೋಮವಾರ

ಇದು ಅಂಗಡಿಯ ಆರ್ಡರ್ ಪುಸ್ತಕ. ಹಿಂದಿನ ಅರ್ಧ ಖಾಲಿ ಇತ್ತು, ಅಲ್ಲಿಂದ ಬರೆಯುತ್ತಿದ್ದೇನೆ. ದಿನಚರಿ ಬರೆಯುವ ಚಾಳಿ ನನಗೆ ಯಾವತ್ತೂ ಇರಲಿಲ್ಲ. ಆದರೆ ಮಾತಾಡದೆ ಮಾತಾಡದೆ ಹೊಟ್ಟೆ ಉಬ್ಬರಿಸಿಕೊಂಡಿದೆ. ಯಾರ ಹತ್ತಿರವಾದರೂ ಹೇಳಿಕೊಳ್ಳದಿದ್ದರೆ ಒಡೆದೇ ಹೋಗುತ್ತೇನೆ. ಪುಸ್ತಕ ಎದುರು ಮಾತಾಡುವುದಿಲ್ಲ, ಅದೊಂದು ಗುಣ.

ಅಣ್ಣನ ಜೊತೆ ಮಾತು ಬಿಟ್ಟು ಇವತ್ತಿಗೆ ನಲವತ್ತೊಂದು ದಿನ. ಮೇಲೆ ಮನೆ, ಕೆಳಗೆ ಎರಡು ಕೋಣೆಯ ಅಂಗಡಿ. ಹಿಂದಿನ ಕೋಣೆ ಅವನದು, ಮರದ ಕೆಲಸ. ಮುಂದಿನದು ನನ್ನದು, ಕುಶನ್ ಕೆಲಸ. ಇಪ್ಪತ್ತೆರಡು ವರ್ಷದಿಂದ ಅವನು ಕುರ್ಚಿ ಮಾಡಿ ನಡುಬಾಗಿಲಲ್ಲಿ ಈಚೆ ತಳ್ಳುತ್ತಾನೆ, ನಾನು ಅದಕ್ಕೆ ಸ್ಪ್ರಿಂಗು, ನಾರು, ಬಟ್ಟೆ ಹಾಕಿ ಬೀದಿ ಕಡೆಗೆ ತಳ್ಳುತ್ತೇನೆ.

ಜಗಳ ಅಂಥ ದೊಡ್ಡದೇನಲ್ಲ ಅನ್ನುತ್ತಾರೆ ಅತ್ತಿಗೆ. ಅವರಿಗೇನು, ಅವರಿಗೆ ಅಂದಿದ್ದರೆ ಗೊತ್ತಾಗುತ್ತಿತ್ತು. ಹಲ್ಲಿನ ಡಾಕ್ಟರಮ್ಮ ತಾವು ಮಾಡಿಸಿದ ಸೋಫಾ ನೋಡಲು ಬಂದಿದ್ದರು. ಕೂತರು, ಎದ್ದರು, ಮತ್ತೆ ಕೂತರು. "ಎಷ್ಟು ಸುಖವಾಗಿದೆ! ಯಾರು ಮಾಡಿದ್ದು?" ಅಂದರು. ಅಣ್ಣ ಗರಗಸ ಕೆಳಗಿಟ್ಟು, "ನಾನೇ ಮೇಡಂ. ಇವಳು ಬಟ್ಟೆ ಸುತ್ತೋಳು" ಅಂದ.

ಬಟ್ಟೆ ಸುತ್ತೋಳು! ಆ ಡಾಕ್ಟರಮ್ಮನನ್ನು ಬರೀ ಹಲಗೆ ಮೇಲೆ ಕೂರಿಸಿ, ಈಗ ಹೇಳಿ ಸುಖ ಎಲ್ಲಿದೆ ಅಂತ ಕೇಳಬೇಕಿತ್ತು. ಆಗ ಹೊಳೆಯಲಿಲ್ಲ, ಮೂರು ದಿನ ಬಿಟ್ಟು ಹೊಳೆಯಿತು. ಆ ಮಾತು ಅವನು ವಾಪಸ್ ತೆಗೆದುಕೊಳ್ಳುವವರೆಗೆ ನಾನಾಗಿ ಬಾಯಿ ಬಿಡುವುದಿಲ್ಲ. ಅವನೂ ಬಿಡುತ್ತಿಲ್ಲ. ಹಟದಲ್ಲಿ ಇಬ್ಬರೂ ಒಂದೇ ಮರದ ಹಲಗೆಗಳು.

ಇಷ್ಟರ ನಡುವೆ ಇವತ್ತು ಹಳೇ ರಂಗಮಂದಿರದ ಮ್ಯಾನೇಜರ್ ಬಂದರು. ನೂರ ಹತ್ತು ವರ್ಷದ ಕಟ್ಟಡ, ಎಂಟು ವರ್ಷದಿಂದ ಬೀಗ ಬಿದ್ದಿತ್ತು. ರಿಪೇರಿ ಮುಗಿಯುತ್ತಾ ಬಂದಿದೆಯಂತೆ. ಏಪ್ರಿಲ್ ಹನ್ನೆರಡಕ್ಕೆ ಮೊದಲ ಸಂಗೀತ ಕಛೇರಿ. ಅಷ್ಟರೊಳಗೆ ಮುನ್ನೂರ ಇಪ್ಪತ್ತು ಕುರ್ಚಿ ಸಜ್ಜಾಗಬೇಕು. ಹಾಡುವವರು ಎಪ್ಪತ್ತು ದಾಟಿದ ದೊಡ್ಡ ಗಾಯಕಿ. ಮೈಕ್ ಬೇಡ ಅಂದಿದ್ದಾರಂತೆ.

"ಒಂದು ಕುರ್ಚಿ ಕಿರ್ ಅಂದ್ರೂ ವೇದಿಕೆಗೆ ಕೇಳುತ್ತೆ," ಅಂತ ಮ್ಯಾನೇಜರ್ ಕುರ್ಚಿಗೆ ಕೇಳಿಸಬಾರದು ಅನ್ನುವ ಹಾಗೆ ಪಿಸುಗುಟ್ಟಿದರು. ಅದೇ ಮಾತನ್ನು ಒಳಗೆ ಹೋಗಿ ಅಣ್ಣನಿಗೂ ಇನ್ನೊಂದು ಸಲ ಪಿಸುಗುಟ್ಟಬೇಕಾಯಿತು, ಪಾಪ.

ಇನ್ನೊಂದು ವಿಷಯ. ಊರಿನ ಆ ತುದಿಯ ಸೋಫಾ ಅಂಗಡಿಯವರು ತಮ್ಮ ಮಹಡಿ ಕೋಣೆ ಕೊಡುತ್ತೇವೆ, ಸ್ವಂತ ಕೆಲಸ ಶುರುಮಾಡಿ ಅಂದಿದ್ದಾರೆ. ದೊಡ್ಡ ಕಿಟಕಿ, ಬೇಕಾದಷ್ಟು ಬೆಳಕು. ಏಪ್ರಿಲ್ ಹದಿನಾಲ್ಕರೊಳಗೆ ಉತ್ತರ ಹೇಳಬೇಕು. ಉತ್ತರ ನನಗೆ ಈಗಲೇ ಗೊತ್ತು. ರಂಗಮಂದಿರದ ಕೆಲಸ ಮುಗಿದ ಕೂಡಲೇ ನನ್ನ ಹೊಲಿಗೆ ಮೆಷಿನ್ನು ಎತ್ತಿಕೊಂಡು ಹೊರಡುವುದೇ. ಮನೆಯಲ್ಲಿ ಇನ್ನೂ ಯಾರಿಗೂ ಹೇಳಿಲ್ಲ.

ಮಾರ್ಚ್ 6, ಗುರುವಾರ

ರಂಗಮಂದಿರಕ್ಕೆ ಹೋಗಿ ಅಳತೆ ತಂದೆ. ಅಣ್ಣ ನಿನ್ನೆಯೇ ಹೋಗಿ ಬಂದಿದ್ದಾನೆ. ಒಂದೇ ಅಂಗಡಿಯಿಂದ ಒಂದೇ ಕುರ್ಚಿ ಅಳೆಯಲು ಎರಡು ಸಲ ಬಂದವರು ನೀವೇ ಮೊದಲು ಅಂದರು ಮ್ಯಾನೇಜರ್. ನಮ್ಮಲ್ಲಿ ಹಾಗೇ ಪದ್ಧತಿ ಅಂದೆ.

ಒಳಗೆ ತಂಪು, ಹಳೇ ಮರದ ವಾಸನೆ. ಛಾವಣಿ ತುಂಬ ಗಾರೆಯ ಹೂಬಳ್ಳಿ, ಸುತ್ತ ಲಾಳಾಕಾರದ ಬಾಲ್ಕನಿ. ನಾನು ಛಾವಣಿ ನೋಡಲು ಹೋದವಳಲ್ಲ. ಕುರ್ಚಿಗಳು ಹದಿನಾರು ಸಾಲು, ಸಾಲಿಗೆ ಇಪ್ಪತ್ತು. ಕಟ್ಟಿದ ಪುಣ್ಯಾತ್ಮ ಬೀಸಣಿಗೆ ಬಿಚ್ಚಿಟ್ಟ ಹಾಗೆ ಸಾಲು ಹಾಕಿದ್ದಾನೆ: ಮುಂದೆ ಇಕ್ಕಟ್ಟು, ಹಿಂದಕ್ಕೆ ಹೋದಂತೆ ಸಾಲಿಗೆ ಅರ್ಧ ಬೆರಳಿನಂತೆ ಕುರ್ಚಿ ಅಗಲವಾಗುತ್ತದೆ. ಒಂದು ಸಾಲಿನ ಕುಶನ್ ಇನ್ನೊಂದು ಸಾಲಿಗೆ ಕೂರುವುದಿಲ್ಲ. ಸಾಲಿನ ಅಕ್ಷರದ ಹಿತ್ತಾಳೆ ಬಿಲ್ಲೆಗಳನ್ನು ಹೊಳಪು ಹಾಕಿಸಲು ಕಳಿಸಿದ್ದಾರೆ. ಹಾಗಾಗಿ ಮ್ಯಾನೇಜರ್ ಹಳೇ ಟಿಕೆಟ್ ಕಿಟಕಿಯ ನಕ್ಷೆ ಕೊಟ್ಟರು. ಅದರಲ್ಲಿದ್ದ ಅಕ್ಷರಗಳನ್ನೇ ಬರೆದುಕೊಂಡೆ, ಒಂದೊಂದಕ್ಕೂ ಅಳತೆ ಹಾಕಿದೆ.

ಹೊರಡುವಾಗ ಮ್ಯಾನೇಜರ್, "ನಿಮಗೆ ಸಂಗೀತ ಇಷ್ಟವಾ?" ಅಂದರು. "ನನಗೆ ಗೊತ್ತಿರೋ ಸಂಗೀತ ಹೊಲಿಗೆ ಮೆಷಿನ್ದು ಮಾತ್ರ ಸಾರ್," ಅಂದೆ. ನಿಜವೇ. ಹಾಡು ಕೇಳುತ್ತಾ ಕೂರಲು ಪುರುಸೊತ್ತು ಯಾರಿಗಿದೆ? ಸುಮ್ಮನೆ ಕೂರುವ ಜನಕ್ಕೆ ಕುಶನ್ ಮಾಡುವುದು ನನ್ನ ಕೆಲಸ, ಕೂರುವುದಲ್ಲ.

ಮಾರ್ಚ್ 11, ಮಂಗಳವಾರ

ಹಳೇ ಕುರ್ಚಿಗಳ ಕುಶನ್ ಬಿಚ್ಚುತ್ತಿದ್ದೇನೆ. ಏನೇನು ಸಿಕ್ಕುತ್ತವಪ್ಪಾ ಒಳಗೆ! ಹೇರ್‌ಪಿನ್ನು ಒಂದು ಡಬ್ಬಿ ತುಂಬ, ಬೀಗದ ಕೈ ಮೂರು, ಒಂದು ಕಿವಿಯ ಲೋಲಾಕು, ಒಂದು ಕಟ್ಟಿಸಿದ ಹಲ್ಲು. ಹಲ್ಲು ಬೀಳುವ ಹಾಗೆ ಬಾಯಿ ತೆರೆದು ಕೇಳುವಂಥದ್ದು ಏನು ಹಾಡಿರಬಹುದು?

ಹಲ್ಲನ್ನು ಅಂಗೈಯಲ್ಲಿಟ್ಟುಕೊಂಡು ನಗುತ್ತಾ ನಡುಬಾಗಿಲ ತನಕ ಹೋಗಿಬಿಟ್ಟಿದ್ದೆ. ಅಣ್ಣನಿಗೆ ತೋರಿಸಲು. ಆಮೇಲೆ ನೆನಪಾಯಿತು. ನೀರು ಕುಡಿಯಲು ಬಂದವಳ ಹಾಗೆ ಹೂಜಿ ಎತ್ತಿಕೊಂಡು ವಾಪಸ್ ಬಂದೆ. ಹೂಜಿ ಖಾಲಿ ಇತ್ತು.

ಸಂಜೆ ಅತ್ತಿಗೆ ಬಂದ ಮೇಲೆ ಅವರಿಗೆ ತೋರಿಸಿದೆ, ಅವರು ಹೋಗಿ ಅವನಿಗೆ ಹೇಳಿದರು. ಒಳಗಿನಿಂದ ಅವನ ನಗು ಕೇಳಿಸಿತು. ಅತ್ತಿಗೆ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸದಲ್ಲಿದ್ದಾರೆ. "ಹಗಲೆಲ್ಲ ಊರವರ ಅಂಚೆ, ಸಂಜೆ ನಿಮ್ಮಿಬ್ಬರ ಅಂಚೆ. ಅಲ್ಲಾದ್ರೆ ಭಾನುವಾರ ರಜ ಇದೆ ಮಾರಾಯ್ತಿ," ಅಂದರು.

ಮಾರ್ಚ್ 19, ಬುಧವಾರ

ಹೊಸ ಮಖಮಲ್ ಬಂತು. ದಾಳಿಂಬೆ ಬೀಜದ ಬಣ್ಣ. ಹಿಂದೆ ಇದ್ದದ್ದೂ ಇದೇ ಅಂತೆ, ಯಾರೂ ನಂಬುವುದಿಲ್ಲ, ಕಾಫಿ ಬಣ್ಣಕ್ಕೆ ತಿರುಗಿತ್ತು. ಕತ್ತರಿಸಲು ಸರಿಯಾದ ಮೇಜಿಲ್ಲ. ನೆಲದ ಮೇಲೆ ಹಾಸಿ ಬಗ್ಗಿ ಬಗ್ಗಿ ಸೊಂಟ ಎರಡು ತುಂಡು. ಹೊಸ ಜಾಗದಲ್ಲಿ ಮೊದಲು ಒಂದು ಮೇಜು ಮಾಡಿಸಿಕೊಳ್ಳಬೇಕು.

ಯಾರಿಂದ ಮಾಡಿಸಲಿ? ಊರಲ್ಲಿ ಬೇರೆ ಬಡಗಿಗಳೇ ಇಲ್ಲವೇ. ಇದ್ದಾರೆ. ಅವರ ಮೇಜು ನೋಡಿದ್ದೇನೆ, ನಾಲ್ಕು ಕಾಲಿಗೆ ನಾಲ್ಕು ಅಭಿಪ್ರಾಯ.

ಮಾರ್ಚ್ 22, ಶನಿವಾರ

ಬಟ್ಟೆಯ ಬಣ್ಣ ಅಲ್ಲಿನ ದೀಪದಲ್ಲಿ ಹೇಗೆ ಕಾಣುತ್ತದೆ ಅಂತ ನೋಡಲು ಬೆಳಗ್ಗೆ ರಂಗಮಂದಿರಕ್ಕೆ ಹೋಗಿದ್ದೆ. ಗಾಯಕಿಯೂ ಬಂದಿದ್ದರು. ಗಿಡ್ಡ ಹೆಂಗಸು, ಮೊಣಕಾಲು ನೋವು, ಕೈಯಲ್ಲಿ ಕೋಲು. ಖಾಲಿ ವೇದಿಕೆ ಮೇಲೆ ನಿಂತು ಕೆಮ್ಮಿದರು. ಆಮೇಲೆ ಒಂದೇ ಒಂದು ಸಾಲು ಹಾಡಿ, ತಲೆಯೋರೆ ಮಾಡಿ, ಅದು ಗೋಡೆಗೆ ಹೋಗಿ ಬರುವುದನ್ನು ಕೇಳಿಸಿಕೊಂಡರು. ನಾನು ಕೊನೇ ಸಾಲಿನ ಹತ್ತಿರ ಬಟ್ಟೆ ಹಿಡಿದು ನಿಂತಿದ್ದೆ. ಪಕ್ಕದಲ್ಲೇ ನಿಂತು ಹಾಡಿದ ಹಾಗಿತ್ತು.

"ಅಲ್ಲಿ ಯಾರಮ್ಮ?" ಅಂದರು.

"ಕುರ್ಚಿಯವಳು," ಅಂದೆ.

"ಮೆತ್ತಗೆ ಮಾಡಿ. ತೀರಾ ಮೆತ್ತಗೆ ಬೇಡ, ನಿದ್ದೆ ಮಾಡಿಬಿಡ್ತಾರೆ," ಅಂದರು. ಇಬ್ಬರೂ ನಕ್ಕೆವು.

ಹಾಡು ಪರವಾಗಿಲ್ಲ. ಅಂಥ ವಿಶೇಷವೇನೂ ಅನ್ನಿಸಲಿಲ್ಲ. ಮಧ್ಯಾಹ್ನ ಅತ್ತಿಗೆ ಬಂದು, "ಏನೇ ಅದು ಗುನುಗ್ತಾ ಇರೋದು?" ಅಂದರು. ನಾನೆಲ್ಲಿ ಗುನುಗುತ್ತಿದ್ದೆ? ಮೆಷಿನ್ನಿನ ಸದ್ದು ಇರಬೇಕು.

ಮಾರ್ಚ್ 27, ಗುರುವಾರ

ಹಲಗೆಗಳು ಬರುತ್ತಿವೆ. ಅಣ್ಣ ಕೂರುವ ಹಲಗೆಗೆ ಸಾಲಿನ ಅಕ್ಷರವನ್ನು ಅಡಿಯಲ್ಲಿ ಸೀಮೆಸುಣ್ಣದಲ್ಲಿ ಬರೆದು ನಡುಬಾಗಿಲ ಹತ್ತಿರ ಜೋಡಿಸಿಡುತ್ತಾನೆ. ನನ್ನ ಕುಶನ್ ಮೇಲೂ ಅಕ್ಷರ ಇದೆ. ಕ ಹಲಗೆಗೆ ಕ ಕುಶನ್, ಮೊಳೆ ಹೊಡಿ, ಮುಗಿಯಿತು. ಮಾತೇ ಬೇಡ. ಮಾತಿಲ್ಲದೆ ಕೆಲಸ ಎಷ್ಟು ಸಲೀಸು ಅಂತ ಇಷ್ಟು ವರ್ಷ ಗೊತ್ತಿರಲಿಲ್ಲ.

ಕ, ಖ, ಗ, ಘ ನಾಲ್ಕು ಸಾಲು ಮುಗಿದವು. ಬೆಣ್ಣೆ ಸವರಿದ ಹಾಗೆ ಕೂತಿವೆ. ಆಮೇಲೆ ಇಪ್ಪತ್ತು ಹಲಗೆಯ ಒಂದು ರಾಶಿ ಬಂತು, ಅಡಿಯಲ್ಲಿ ಅಕ್ಷರವಿಲ್ಲ, ಏನೋ ಹಾವಿನ ಹಾಗೆ ಗೀಚು. ಬೇಡದ್ದು ಅಂತ ಗುರುತು ಹಾಕಿರಬೇಕು. ಮೂಲೆಗೆ ತಳ್ಳಿದೆ. ಬೇಡದ್ದನ್ನು ನನ್ನ ಕೋಣೆಗೆ ಯಾಕೆ ತಳ್ಳಬೇಕು? ಇದು ಗುಜರಿಯೇ?

ಮಾರ್ಚ್ 31, ಸೋಮವಾರ

ಇವನಿಗೆ ಕಣ್ಣು ಹೋಗಿದೆ, ಇಲ್ಲವೇ ಬೇಕೆಂದೇ ಮಾಡುತ್ತಿದ್ದಾನೆ. ಚ ಸಾಲಿನಿಂದ ಮುಂದಿನ ಹಲಗೆಯೆಲ್ಲ ಅರ್ಧ ಬೆರಳು ಹೆಚ್ಚು ಅಗಲ. ನನ್ನ ಕುಶನ್ ಸಾಲುತ್ತಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಂದು ಕೂದಲೆಳೆ ತಪ್ಪದ ಕೈ, ಈಗ ಅರ್ಧ ಬೆರಳು! ನನ್ನನ್ನು ಸತಾಯಿಸಲೇ ಅಲ್ಲವೇ?

ಕೇಳುವುದಿಲ್ಲ. ಕೇಳಿದರೆ ಸೋತ ಹಾಗೆ. ಇಕ್ಕಳದಲ್ಲಿ ಹಿಡಿದು ಎಳೆದೆಳೆದು ಬಟ್ಟೆಯನ್ನು ಅಂಚಿಗೆ ತಂದು ಮೊಳೆ ಹೊಡೆದೆ. ಅಂಗೈಯಲ್ಲಿ ಬೊಬ್ಬೆ. ಕುಶನ್ ತಮಟೆಯ ಹಾಗೆ ಬಿಗಿದಿದೆ. ಊಟಕ್ಕೆ ಕೂತಾಗ, "ಉಪ್ಪು ಕೊಡೋಕೆ ಹೇಳಿ ಅತ್ತಿಗೆ," ಅಂದೆ. ಉಪ್ಪು ಅವನ ಕೈಯಿಂದ ಅತ್ತಿಗೆಗೆ, ಅತ್ತಿಗೆಯಿಂದ ನನಗೆ ಬರುವಷ್ಟರಲ್ಲಿ ಅನ್ನ ಆರಿತ್ತು.

ಏಪ್ರಿಲ್ 3, ಗುರುವಾರ

ಗೀಚಿದ ಹಲಗೆಯ ಇನ್ನೊಂದು ರಾಶಿ. ಮೂಲೆಗೆ. ಟ ಸಾಲಿನಿಂದ ಮುಂದೆ ಒಂದು ಬೆರಳು ಪೂರಾ ಅಗಲ. ಎಳೆದೆ, ಹೊಡೆದೆ. ಸೋಫಾ ಅಂಗಡಿಯವರ ಕಿಟಕಿ ನೆನೆಸಿಕೊಂಡು ಹಲ್ಲು ಕಚ್ಚಿಕೊಂಡಿದ್ದೇನೆ.

ಏಪ್ರಿಲ್ 5, ಶನಿವಾರ

ಇವತ್ತಿನದನ್ನು ಸಾವಧಾನವಾಗಿ ಬರೆಯಬೇಕು. ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡಿದೆ.

ಬೆಳಗ್ಗೆ ನೋಡಿದರೆ ನನ್ನ ಹತ್ತಿರ ಎರಡು ಸಾಲಿನ ಕುಶನ್ ಉಳಿದಿವೆ: ಥ ಮತ್ತು ದ. ಹಲಗೆ ಬಂದಿಲ್ಲ. ಅಣ್ಣ ಒಳಗೆ ಕೆಲಸ ಮುಗಿಯಿತು ಅನ್ನುವಂತೆ ಕಸ ಗುಡಿಸುತ್ತಿದ್ದಾನೆ! ಶನಿವಾರ ಅತ್ತಿಗೆಗೆ ಅರ್ಧ ದಿನದ ಕೆಲಸ. ಅವರು ಬರುವುದನ್ನೇ ಕಾಯುತ್ತಿದ್ದು, ಚಪ್ಪಲಿ ಬಿಡುವ ಮೊದಲೇ ಅಟ್ಟಿದೆ. "ಥ, ದ ಹಲಗೆ ಎಲ್ಲಿ ಅಂತ ಕೇಳಿ."

ಹೋಗಿ ಬಂದರು. "ಥ, ದ ಅಂತ ಯಾವುದೂ ಇಲ್ವಂತೆ. ತ ಗೆ ಮುಗೀತಂತೆ. ಮೊದಲು ಅದನ್ನ ಮುಗಿಸೋಕೆ ಹೇಳು ಅಂದ್ರು."

"ಯಾವುದನ್ನ?"

ಅತ್ತಿಗೆ ಮುಖ ಗಂಟಿಕ್ಕಿದರು. "ಅದೇ... ಙ್ಯಾ."

"ಏನು?"

"ಙ್ಯಾ ಅಂದ್ರಪ್ಪ. ಮೂಗಿಂದ. ಆಮೇಲೆ ಇನ್ನೊಂದು ಸಲ ಬೇರೆ ಥರ ಞ್ಯಾ ಅಂದ್ರು."

ನನಗೆ ನೆತ್ತಿಗೇರಿತು. ನಾನು ಕೆಲಸದ ಮಾತು ಕೇಳಿದರೆ ಇವನು ನನ್ನನ್ನು ಅಣಕಿಸುತ್ತಾನೆ, ಅದೂ ಅಂಚೆಯಲ್ಲಿ! ಸುತ್ತಿಗೆ ಕೈಯಲ್ಲಿದ್ದದ್ದೂ ಗೊತ್ತಿಲ್ಲ, ನೇರ ಅವನ ಕೋಣೆಯ ಹೊಸಿಲಿಗೆ ಹೋಗಿ ನಿಂತೆ. "ನಂಗೆ ಙ್ಯಾ ಅಂದ್ಯಂತೆ?"

ಎಪ್ಪತ್ತನಾಲ್ಕು ದಿನದ ಮೇಲೆ ಅಣ್ಣನ ಜೊತೆ ನಾನಾಡಿದ ಮೊದಲ ಮಾತು ಅದು.

ಅವನು ಪೊರಕೆ ಹಿಡಿದುಕೊಂಡು ಗೋಡೆಗೆ ಒರಗಿದ. "ಙ್ಯಾ ಅಲ್ಲ. ಙ."

"ಏನ್ ಙ?"

"ಙ ಸಾಲು! ಇಪ್ಪತ್ತು ಹಲಗೆ ಹತ್ತು ದಿನದಿಂದ ನಿನ್ನ ಮೂಲೇಲಿ ಬಿದ್ದಿದೆ. ಅದರ ಪಕ್ಕ ಞ ಸಾಲು. ಯಾಕೆ ಹಾಗೇ ಇಟ್ಟಿದೀಯ?"

"ಅದು ಅಕ್ಷರಾನಾ? ಕೋಳಿ ಕೆರೆದ ಹಾಗಿದೆ!"

"ಮೇಷ್ಟ್ರು ಹೇಳಿಕೊಟ್ಟಿದ್ದು ಹಾಗೇ." ಸೊಂಟದ ಮೇಲೆ ಕೈಯಿಟ್ಟು, ಮೂರನೇ ಕ್ಲಾಸಿನಲ್ಲಿ ನಿಂತವನ ಹಾಗೆ ಶುರುಮಾಡಿದ. "ಕ ಖ ಗ ಘ ಙ. ಐದನೇ ಸಾಲು ಙ. ಚ ಛ ಜ ಝ ಞ. ಹತ್ತನೇ ಸಾಲು ಞ. ಬಿಲ್ಲೆ ಇರ್ಲಿಲ್ಲ ಅಂತ ನಾನೇ ವರ್ಣಮಾಲೆ ಪ್ರಕಾರ ಹಾಕ್ಕೊಂಡು ಹೋದೆ. ತಪ್ಪಾ?"

ನಾನು ಓಡಿಹೋಗಿ ಟಿಕೆಟ್ ಕಿಟಕಿಯ ನಕ್ಷೆ ತಂದು ಅವನ ಮೂಗಿನ ಕೆಳಗೆ ಹಿಡಿದೆ. ಘ ಆದ ಮೇಲೆ ಚ. ಝ ಆದ ಮೇಲೆ ಟ. ಙ ಇಲ್ಲ, ಞ ಇಲ್ಲ. ರಂಗಮಂದಿರದ ಐದನೇ ಸಾಲು ಚ. ಅವನ ಚ ಆರನೆಯದು. ನನ್ನ ಟ ಒಂಬತ್ತನೆಯದು, ಅವನ ಟ ಹನ್ನೊಂದನೆಯದು. ಅವನ ಅಳತೆಯೂ ಸರಿ, ನನ್ನ ಅಳತೆಯೂ ಸರಿ. ಬರೀ ಅಕ್ಷರ ನಂಬಿಕೊಂಡು ಇನ್ನೂರು ಹಲಗೆಗೆ ಬೇರೆ ಸಾಲಿನ ಕುಶನ್ ಎಳೆದು ಎಳೆದು ಹೊಡೆದವಳು ನಾನು.

"ಚಿಕ್ಕದಾಗ್ತಿದೆ ಅಂತ ಒಂದು ಮಾತು ಕೇಳೋಕೆ ಏನಾಗಿತ್ತೇ ಸೂಜಿ?" ಅಂದ. ಸೂಜಿ ಅನ್ನುವುದು ಅವನು ನನಗೆ ಚಿಕ್ಕಂದಿನಲ್ಲಿ ಇಟ್ಟ ಹೆಸರು. ಆಗ ಸಣ್ಣಗಿದ್ದೆ, ಚುಚ್ಚುತ್ತಿದ್ದೆ. ಈಗ ಸಣ್ಣಗಿಲ್ಲ.

"ನೀನು ಕೇಳಬಹುದಿತ್ತಲ್ಲ, ಮೂಲೇಲಿ ಯಾಕಿದೆ ಅಂತ?"

"ಬಟ್ಟೆ ಉಳಿಸ್ತಿದೀಯ ಅನ್ಕೊಂಡೆ."

"ನೀನು ಕುರುಡಾಗಿದೀಯ ಅನ್ಕೊಂಡೆ."

ನಡುಬಾಗಿಲಲ್ಲಿ ನಿಂತಿದ್ದ ಅತ್ತಿಗೆ, "ಅಲ್ರೀ, ಒಂದು ಮಾತು. ಅದು ಙ್ಯಾನೋ ಞ್ಯಾನೋ?" ಅಂದರು. ಅಣ್ಣ ಹೇಳಿಕೊಟ್ಟ. ಅತ್ತಿಗೆ ಪ್ರಯತ್ನಪಟ್ಟರು. ಸೀನು ಬಂದ ಹಾಗಾಯಿತು. ಅಷ್ಟೇ, ಮೂವರೂ ಮರದ ಹೊಟ್ಟಿನ ಮೇಲೆ ಕೂತು ನಕ್ಕಿದ್ದೇ ನಕ್ಕಿದ್ದು. ಕಣ್ಣಲ್ಲಿ ನೀರು ಬಂತು.

ನಗು ನಿಂತ ಮೇಲೆ ಲೆಕ್ಕ ಹಾಕಿದೆವು. ಕಛೇರಿಗೆ ಏಳು ದಿನ. ಇನ್ನೂರು ಹಲಗೆಯ ಮೊಳೆ ಕೀಳಬೇಕು, ಒಂದು ಕುಶನ್ನೂ ಹರಿಯಬಾರದು, ಬಟ್ಟೆ ಉಳಿದಿಲ್ಲ.

ಏಪ್ರಿಲ್ 6, ಭಾನುವಾರ

ಅಣ್ಣ ಮೊಳೆ ಕೀಳುತ್ತಾನೆ, ನಾನು ಕೂರಿಸುತ್ತೇನೆ. ಮೊದಲು ಕಿತ್ತದ್ದರಲ್ಲಿ ಬಟ್ಟೆ ಚರ್ರೆಂದಿತು. "ನಿಧಾನ ಕಣೋ!" ಅಂತ ಕೂಗಿದೆ. ಒಳಗೆ ಹೋಗಿ ಹಳೇ ಚಮಚ ಒಂದನ್ನು ಬಗ್ಗಿಸಿ, ಮಸೆದು, ಮೊಳೆ ಎತ್ತುವ ಸಾಧನ ಮಾಡಿಕೊಂಡು ಬಂದ. ಆಮೇಲೆ ಒಂದೂ ಹರಿಯಲಿಲ್ಲ. ಅತ್ತಿಗೆಗೆ ಚಮಚ ಒಂದು ಕಮ್ಮಿಯಾದದ್ದು ಇನ್ನೂ ಗೊತ್ತಿಲ್ಲ.

ಇವತ್ತು ಮೂವತ್ತೈದು.

ಏಪ್ರಿಲ್ 7, ಸೋಮವಾರ

ಮೂವತ್ತೆಂಟು. ಮ್ಯಾನೇಜರ್ ಬಂದು ವಿಷಯ ಕೇಳಿ ಮೊದಲು ಬಿಳಿಚಿಕೊಂಡರು, ಆಮೇಲೆ ಕೋಟು ಬಿಚ್ಚಿ ಮೊಳೆ ಹೆಕ್ಕಲು ಕೂತರು. ಙ, ಞ ಯಾಕಿಲ್ಲ ಅಂತ ಅವರಿಂದ ಗೊತ್ತಾಯಿತು: ಮೊದಲು ಇದ್ದವಂತೆ. ಟಿಕೆಟ್ ಕೇಳಲು ಯಾರಿಗೂ ಬಾಯಿ ತಿರುಗದೆ, ಆ ಎರಡು ಸಾಲು ಯಾವಾಗಲೂ ಖಾಲಿ ಉಳಿಯುತ್ತಿದ್ದವಂತೆ. ಅದಕ್ಕೇ ಅಕ್ಷರ ತೆಗೆದುಹಾಕಿದರಂತೆ.

ಏಪ್ರಿಲ್ 8, ಮಂಗಳವಾರ

ನಲವತ್ತೆರಡು. ಬರೆಯಲು ಏನೂ ಇಲ್ಲ. ಹಗಲೆಲ್ಲ ಮಾತಾಡಿ ಬಾಯಿ ನೋಯುತ್ತಿದೆ.

ಏಪ್ರಿಲ್ 10, ಗುರುವಾರ

ಮುಗಿಯಿತು. ಎಲ್ಲಾ.

ಏಪ್ರಿಲ್ 11, ಶುಕ್ರವಾರ

ರಂಗಮಂದಿರದಲ್ಲಿ ಕೂರಿಸಿದ್ದಾಯಿತು. ಪ್ರತಿಯೊಂದರ ಮೇಲೂ ಅಣ್ಣ ಒಂದು ಸಲ, ನಾನು ಒಂದು ಸಲ ಕೂತು ಎದ್ದೆವು. ಮುನ್ನೂರ ಇಪ್ಪತ್ತು ಸಲ. ನಾಳೆ ಕಛೇರಿಗೆ ಮೂರು ಪಾಸ್ ಕೊಟ್ಟಿದ್ದಾರೆ.

ಏಪ್ರಿಲ್ 13, ಭಾನುವಾರ ಬೆಳಗ್ಗೆ

ನಿನ್ನೆಯದನ್ನು ಬರೆಯದಿದ್ದರೆ ಈ ಪುಸ್ತಕಕ್ಕೆ ಅನ್ಯಾಯ.

ನಮ್ಮದು ಕೊನೇ ಸಾಲು. ಅತ್ತಿಗೆ ಅಭ್ಯಾಸಬಲದಿಂದ ನಮ್ಮಿಬ್ಬರ ನಡುವೆ ಕೂತರು. ಆಮೇಲೆ, "ಇನ್ನು ನಾನ್ಯಾಕೆ ಇಲ್ಲಿ?" ಅಂತ ಎದ್ದು ತುದಿಗೆ ಹೋದರು. ನಾನು ವೇದಿಕೆ ನೋಡಲೇ ಇಲ್ಲ. ಜನ ಕೂರುವುದನ್ನೇ ನೋಡುತ್ತಿದ್ದೆ. ತೆಳ್ಳಗಿನವರು ಬಂದರೆ ನೆಮ್ಮದಿ. ದಪ್ಪಗಿನವರು ಬಂದರೆ ಉಸಿರು ಬಿಗಿಹಿಡಿದೆ. ಜ ಸಾಲಿನಲ್ಲಿ ಒಬ್ಬ ಮಹಾನುಭಾವರು ಹಿಂದೆಮುಂದೆ ನೋಡದೆ ದೊಪ್ಪೆಂದು ಕೂತರು. ಸ್ಪ್ರಿಂಗು ಕೆಳಗೆ ಹೋಯಿತು, ನಿಂತಿತು. ಸದ್ದಿಲ್ಲ. ಅಣ್ಣ ಮೊಣಕೈಯಲ್ಲಿ ತಿವಿದ.

ದೀಪ ಇಳಿಯಿತು. ಗಾಯಕಿ ಕೋಲು ಪಕ್ಕಕ್ಕಿಟ್ಟು ಕೂತರು, ಜೊತೆಗೆ ವಾದ್ಯದವರು ನಾಲ್ಕು ಜನ. ಮೊದಲ ಹಾಡು ಯಾವುದು ಅಂತ ಕೇಳಿದರೆ ನನಗೆ ಗೊತ್ತಿಲ್ಲ, ನಾನು ಕುರ್ಚಿಗಳನ್ನು ಕೇಳುತ್ತಿದ್ದೆ. ಎರಡನೆಯದೂ ಹಾಗೇ. ಮೂರನೆಯದರಲ್ಲಿ ಕಿರ್ ಅಂತು.

ಎಲ್ಲಿ? ಯಾವ ಸಾಲು? ಇನ್ನೊಂದು ಸಲ ಕಿರ್. ಹತ್ತಿರದಲ್ಲೇ. ಬಗ್ಗಿ ನೋಡಿದೆ. ಅಣ್ಣನ ಹೊಸ ಬೂಟು! ತಾಳಕ್ಕೆ ಸರಿಯಾಗಿ ಕಾಲು ಆಡಿಸುತ್ತಿದ್ದಾನೆ. "ಬಿಚ್ಚೋ ಅದನ್ನ," ಅಂತ ಪಿಸುಗುಟ್ಟಿದೆ. ಮರುಮಾತಿಲ್ಲದೆ ಬಿಚ್ಚಿದ. ಊರಿನ ದೊಡ್ಡ ಕಛೇರಿಯನ್ನು ಅಣ್ಣ ಬರೀ ಕಾಲುಚೀಲದಲ್ಲಿ ಕೇಳಿದ.

ಆಮೇಲೆ ಅವರು ಒಂದು ನಿಧಾನದ ಹಾಡು ಎತ್ತಿಕೊಂಡರು. ಅವತ್ತು ಖಾಲಿ ವೇದಿಕೆಯಲ್ಲಿ ಒಂದು ಸಾಲು ಹಾಡಿದ್ದರಲ್ಲ, ಅದೇ. ಮುಂದಿನದು ಕೇಳಲು ಇಪ್ಪತ್ತೊಂದು ದಿನ ಕಾದಿದ್ದೆ ಅಂತ ಆಗ ಗೊತ್ತಾಯಿತು. ದನಿ ಇಳಿಯುತ್ತಾ ಇಳಿಯುತ್ತಾ ಬಂತು. ಕೇಳಿಸಿಕೊಳ್ಳಲು ಮುನ್ನೂರು ಚಿಲ್ಲರೆ ಜನ ಒಟ್ಟಿಗೆ ಮುಂದಕ್ಕೆ ಬಾಗಿದರು. ಅಷ್ಟೂ ಕುರ್ಚಿ, ಅಷ್ಟೂ ಸ್ಪ್ರಿಂಗು ಒಂದೇ ಸಲ ಅಲುಗಿದವು, ಒಂದೂ ಕಿರ್ ಅನ್ನಲಿಲ್ಲ. ದನಿ ನಿಂತಿತು. ಯಾರೂ ಉಸಿರಾಡಲಿಲ್ಲ. ಅಂಥ ನಿಶ್ಶಬ್ದ ನಾನು ಜನ್ಮದಲ್ಲಿ ಕೇಳಿರಲಿಲ್ಲ. ನನಗೆ ತುಂಬಾ ಸಂತೋಷವಾಯಿತು, ಅದನ್ನು ಬೇರೆ ಥರ ಬರೆಯಲು ಬರುವುದಿಲ್ಲ. ಪಕ್ಕಕ್ಕೆ ತಿರುಗಿದರೆ ಅಣ್ಣ ತೋಳಲ್ಲಿ ಮುಖ ಒರೆಸಿಕೊಳ್ಳುತ್ತಿದ್ದ.

ವಿರಾಮದಲ್ಲಿ ಅತ್ತಿಗೆ ಕಾಫಿ ತರಲು ಹೋದರು. ಅಣ್ಣ ಪರದೆ ನೋಡುತ್ತಾ, "ಕಿಟಕಿ ದೊಡ್ಡದಿದೆಯಂತೆ," ಅಂದ.

"ಯಾವ ಕಿಟಕಿ?"

"ಸೋಫಾ ಅಂಗಡಿಯವರ ಮಹಡಿ ಮೇಲಿಂದು."

"ಯಾರು ಹೇಳಿದ್ರು?"

"ಅವರೇ ಬಂದಿದ್ರು, ಹೋದ ತಿಂಗಳು, ನೀನು ಇಲ್ಲಿಗೆ ಬಂದಾಗ. ನಿನ್ನ ಕೆಲಸ ಹೇಗೆ ಅಂತ ಕೇಳೋಕೆ."

"ಏನಂದೆ?"

"ಏನನ್ನೋದು. ಅವಳು ಕೆಲಸ ಮುಗಿಸಿದ ಮೇಲೆ ಅದರಲ್ಲಿ ನನ್ನ ಮರ ಇದೆ ಅಂತ ಕೂತವರಿಗೆ ಗೊತ್ತೇ ಆಗಲ್ಲ ಅಂದೆ." ಕಾಲುಚೀಲದ ತೂತು ನೋಡಿಕೊಂಡ. "ಅವತ್ತು ಆ ಡಾಕ್ಟರಮ್ಮನ ಮುಂದೆ ನಾನು ಅಂದಿದ್ದು ತಪ್ಪು. ಹೊಟ್ಟೆಕಿಚ್ಚಿಗೆ ಅಂದೆ. ಸೋಫಾ ನೋಡಿದವರು ಯಾರೂ ಕೆಳಗೆ ಬಗ್ಗಿ ಮರ ನೋಡಲ್ಲ ಕಣೇ."

ನಾನು ಕೈಯಲ್ಲಿದ್ದ ಪಾಸನ್ನು ನಾಲ್ಕು ಮಡಿಕೆ ಮಾಡಿದೆ.

"ನಿಂಗೊಂದು ಮೇಜು ಮಾಡಿದೀನಿ," ಅಂದ. "ಬಟ್ಟೆ ಕತ್ತರಿಸೋಕೆ. ಹೊಸ ಜಾಗಕ್ಕೆ. ನೀನು ಒಳಗೆ ಬರ್ತಾ ಇರ್ಲಿಲ್ವಲ್ಲ, ಅದಕ್ಕೆ ಕಾಣ್ಲಿಲ್ಲ. ಆಮೇಲೆ ಗೋಣಿತಾಟು ಮುಚ್ಚಿಟ್ಟೆ. ಎಷ್ಟು ಅಂತ ನೆಲದ ಮೇಲೆ ಬಗ್ತೀಯ."

ಗಂಟೆ ಹೊಡೆಯಿತು. ಎರಡನೇ ಅರ್ಧದಲ್ಲಿ ಪೂರಾ ಹಾಡು ಕೇಳಿದೆ, ಒಂದು ಕುರ್ಚಿಯನ್ನೂ ನೋಡಲಿಲ್ಲ. ಅತ್ತದ್ದು ಹಾಡಿಗೋ ಮೇಜಿಗೋ ಗೊತ್ತಿಲ್ಲ. ಪಕ್ಕದ ಹೆಂಗಸು ಕರವಸ್ತ್ರ ಕೊಟ್ಟು, "ಈ ರಾಗ ಹಾಗೇ," ಅಂದರು.

ಏಪ್ರಿಲ್ 14, ಸೋಮವಾರ

ಬೆಳಗ್ಗೆ ಅಣ್ಣನ ಕೋಣೆಗೆ ಹೋಗಿ ಗೋಣಿತಾಟು ತೆಗೆದು ನೋಡಿದೆ. ಮೇಜು ಅಂದರೆ ಮೇಜು. ಸರಿಯಾಗಿ ನನ್ನ ಸೊಂಟದೆತ್ತರ. ಮೇಲೆ ಕನ್ನಡಿಯಂಥ ಹಲಗೆ, ಕೆಳಗೆ ಬಟ್ಟೆಸುರುಳಿ ಇಡಲು ಉದ್ದಕ್ಕೂ ಗೂಡು. ಒಂದು ಸ್ಕ್ರೂ ಇಲ್ಲ. ಎಲ್ಲ ಅಂಟು ಹಾಕಿ, ಮರದ ಗೂಟ ಹೊಡೆದು ಕೂಡಿಸಿದ್ದು, ಇನ್ನು ಕಳಚುವ ಪ್ರಶ್ನೆಯೇ ಇಲ್ಲ.

"ಸಾಗಿಸೋಣ್ವಾ?" ಅಂದ ಅಣ್ಣ. ನಾನು ಒಂದು ತುದಿ, ಅವನೊಂದು ತುದಿ ಹಿಡಿದು ನಡುಬಾಗಿಲವರೆಗೆ ತಂದೆವು. ಹಿಡಿಸಲಿಲ್ಲ. ಮಗ್ಗುಲಿಗೆ ತಿರುಗಿಸಿದೆವು, ಹಿಡಿಸಲಿಲ್ಲ. ನಿಲ್ಲಿಸಿ ನೋಡಿದೆವು. ಬಾಗಿಲು ಎರಡೂವರೆ ಅಡಿ. ಮೇಜು ಯಾವ ಕಡೆಯಿಂದ ಅಳೆದರೂ ಮೂರಕ್ಕೆ ಕಮ್ಮಿಯಿಲ್ಲ. ಆ ಕೋಣೆಗೆ ಬೇರೆ ಬಾಗಿಲೂ ಇಲ್ಲ.

"ಅಯ್ಯೋ," ಅಂದ. "ಬಾಗಿಲು ಅಳೆಯೋದು ಮರೆತೇಬಿಟ್ಟೆ."

ಮೂವತ್ತು ವರ್ಷದಿಂದ ಬಡಗಿ. ಗೋಡೆ ಅಳೆಯದೆ ಮೊಳೆ ಕೂಡ ಹೊಡೆದವನಲ್ಲ. ಅವನ ಮುಖ ನೋಡಿದೆ. ಛಾವಣಿ ನೋಡುತ್ತಿದ್ದ. ಕಿವಿ ಕೆಂಪಗಾಗಿತ್ತು.

ಹನ್ನೊಂದು ಗಂಟೆಗೆ ಸೋಫಾ ಅಂಗಡಿಯವರು ಉತ್ತರ ಕೇಳಲು ಬಂದರು. ಬರುವುದಿಲ್ಲ ಅಂದೆ. ಯಾಕಮ್ಮ, ಬೆಳಕು ಸಾಲದಾ, ಜಾಗ ಸಾಲದಾ ಅಂದರು.

"ಅದೆಲ್ಲ ಸರಿ ಇದೆ ಸಾರ್," ಅಂದೆ. "ನನ್ನ ಮೇಜು ಬಾಗಿಲಲ್ಲಿ ಹಿಡಿಸ್ತಿಲ್ಲ."